ಮೂರನೇ ಸಾಲಿನ ಹೆಸರು

ಮುಡಬಿಯಿಂದ ಮೂರು ಮೈಲಿ ಒಳಗಿರುವ ಆ ವಾಡಿಯಲ್ಲಿ ಸರ್ಕಾರದ ಮನೆಗೆ ಅರ್ಜಿ ಹಾಕಬೇಕೆಂದಿರುವ ಹೆಂಗಸರು ಮೊದಲು ಪಂಚಾಯತಿಗೆ ಹೋಗುವುದಿಲ್ಲ, ಬಾಳಮ್ಮನ ಮನೆಗೆ ಬರುತ್ತಾರೆ. ಬಾಳಮ್ಮ ಕುರಿ ಕಾಯುವವರ ಮನೆಯ ಸೊಸೆ. ಓದು ಬರಹ ಇಲ್ಲ. ಸಹಿ ಮಾಡುವುದೊಂದನ್ನು ಮಗಳು ಉಮಾದೇವಿ ಕಲಿಸಿದ್ದಾಳೆ, ಅದರಲ್ಲೂ ಒತ್ತಕ್ಷರ ಬಂದಾಗ ಪೆನ್ನು ತಡವರಿಸುತ್ತದೆ. ಆದರೆ ಅರ್ಜಿಯ ವಿಷಯದಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ತಪ್ಪೂ ದಾಟಲಾರದು. ಬಂದವರ ಚೀಲ ಬಿಚ್ಚಿಸಿ ಕಾಗದಗಳನ್ನೆಲ್ಲ ನೆಲದ ಮೇಲೆ ಹರಡಿಸುತ್ತಾಳೆ. ರೇಷನ್ ಕಾರ್ಡು ಅತ್ತೆ ಮಾವನ ಜೊತೆ ಕೂಡಿಯೇ ಇದೆಯೋ ಬೇರೆಯಾಗಿದೆಯೋ, ಜಾಗದ ಹಕ್ಕಿನ ಉತಾರ ಬದುಕಿರುವವರ ಹೆಸರಿನಲ್ಲಿದೆಯೋ ಸತ್ತವರ ಹೆಸರಿನಲ್ಲಿದೆಯೋ, ಮಂಜೂರಿ ಬರುವ ಮುಂಚೆಯೇ ಹಳೆಯ ಗುಡಿಸಲು ಕೆಡವಿ ಪಾಯ ತೋಡಿ ಜಾಣತನ ತೋರಿಸಿದ್ದಾರೋ ಹೇಗೆ, ಎಲ್ಲವನ್ನೂ ಪೊಲೀಸರ ಹಾಗೆ ಕೇಳುತ್ತಾಳೆ.

ಇವೆಲ್ಲಕ್ಕೂ ಮುಂಚೆ ಒಂದು ಮಾತು ಇದೆ. ಬಂದವಳನ್ನು ಎದುರಿಗೆ ಕೂರಿಸಿಕೊಂಡು, "ಗಂಡನ ಹೆಸರು ಹೇಳು" ಎನ್ನುತ್ತಾಳೆ.

ಬಂದವಳು ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕೆಂದು ನಗುತ್ತಾಳೆ. ಜೊತೆಗೆ ಬಂದ ಗೆಳತಿಯ ಮುಖ ನೋಡುತ್ತಾಳೆ, ಗೆಳತಿಯೇ ಹೇಳಲಿ ಎಂದು. ಬಾಳಮ್ಮ ನಗುವುದಿಲ್ಲ. ಗೆಳತಿಗೆ ಬಾಯಿ ತೆರೆಯಲೂ ಬಿಡುವುದಿಲ್ಲ. ಹೇಳುವುದಾದರೆ ಹೇಳು, ಇಲ್ಲದಿದ್ದರೆ ಎದ್ದು ಹೋಗು, ನನಗೆ ಕೆಲಸ ಇದೆ ಎಂದು ಖಡಕ್ಕಾಗಿ ಹೇಳಿಬಿಡುತ್ತಾಳೆ. ಇಷ್ಟು ಸಣ್ಣ ಮಾತಿಗೆ ಇಷ್ಟು ಬಿಗಿ ಯಾಕೆ ಎಂದು ಹೊಸಬರು ಮುಖ ಸಿಂಡರಿಸುತ್ತಾರೆ. ಎರಡು ಸಾವಿರದ ನಾಲ್ಕರ ಗ್ರಾಮಸಭೆಯಲ್ಲಿ ಇದ್ದವರು ಮಾತ್ರ ಮುಖ ಸಿಂಡರಿಸುವುದಿಲ್ಲ.

ಬಾಳಮ್ಮ ಹುಟ್ಟಿದ್ದು ಕೊಡಂಬಲದಲ್ಲಿ. ತೊಂಬತ್ತೈದರಲ್ಲಿ ದೇವಿಂದ್ರಪ್ಪನನ್ನು ಮದುವೆಯಾಗಿ ಈ ವಾಡಿಗೆ ಬಂದಳು. ಅದಕ್ಕೆ ಎರಡು ವರ್ಷ ಮುಂಚೆ ಕಿಲ್ಲಾರಿಯ ಭೂಕಂಪದಲ್ಲಿ ಅವಳ ಮಾವ ಮಾರುತಿಯ ಮಣ್ಣಿನ ಮಾಳಿಗೆ ಬಿರುಕು ಬಿಟ್ಟಿತ್ತು, ಮರುವರ್ಷ ಸರ್ಕಾರ ಅವನಿಗೊಂದು ಮನೆ ಕೊಟ್ಟಿತ್ತು. ಮನೆ ಎಂದರೆ ಒಂದು ಖೋಲಿ, ಮುಂದೆ ಒಂದು ಮೊಳಕಾಲುದ್ದದ ಕಟ್ಟೆ. ಮಾರುತಿ ಮತ್ತು ಅವನ ಹೆಂಡತಿ ಸೋನುಬಾಯಿ ಅದರಲ್ಲಿ ಇದ್ದರು. ಮಗ ಸೊಸೆಗೆ ಪಕ್ಕದಲ್ಲೇ ಒಂದು ಗುಡಿಸಲು ಆಯಿತು. ತೊಗರಿ ಕಟ್ಟಿಗೆಯ ತಟ್ಟಿ, ಅದಕ್ಕೆ ಸಗಣಿ ಮಣ್ಣಿನ ಮೆತ್ತಿಗೆ, ಮೇಲೆ ಕಬ್ಬಿನ ಸೋಗೆ. ಮಳೆ ಬಂದಾಗ ಮೆತ್ತಿಗೆ ಕರಗಿ ತಟ್ಟಿಯ ಮೂಳೆ ಕಾಣುತ್ತಿತ್ತು. ಎರಡು ಸಾವಿರದ ಮೂರರ ಶ್ರಾವಣದಲ್ಲಿ ಒಂದು ಬೆಳಗ್ಗೆ ಒಂದು ಬದಿಯ ಗೋಡೆ ಪೂರ್ತಿ ಒಳಗೆ ಬಿತ್ತು. ಅದು ಬಿದ್ದದ್ದು ಉಮಾದೇವಿಯ ಹಾಸಿಗೆಯ ಮೇಲೆ. ಆರು ವರ್ಷದ ಹುಡುಗಿ ಆಗಷ್ಟೇ ನೀರು ಕುಡಿಯಲು ಎದ್ದು ಬಾಗಿಲ ಬಳಿ ಹೋಗಿದ್ದಳು, ಅದಕ್ಕೆ ಉಳಿದಳು. ಅವತ್ತಿನಿಂದ ಬಾಳಮ್ಮನ ತಲೆಯಲ್ಲಿ ಮನೆ ಎನ್ನುವುದು ಒಂದು ಆಸೆಯಾಗಿ ಉಳಿಯಲಿಲ್ಲ. ಬರುವ ಮಳೆಗಾಲದೊಳಗೆ ಆಗಲೇಬೇಕಾದ ಕೆಲಸವಾಯಿತು.

ಅರ್ಜಿಯನ್ನೇನೋ ಅವಳು ಎರಡು ವರ್ಷ ಮೊದಲೇ ಹಾಕಿದ್ದಳು. ಬಸವಕಲ್ಯಾಣದಲ್ಲಿ ಬೇವಿನ ಗಿಡದ ಕೆಳಗೆ ಸಣ್ಣ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವ ಅಜೀಮುದ್ದೀನ್ ಸಾಬರ ಹತ್ತಿರ ಬರೆಸಿದ್ದಳು. ಸಾಬರದು ಮುತ್ತಿನಂಥ ಅಕ್ಷರ, ಮನಸ್ಸೂ ಒಳ್ಳೆಯದು. ಫಾರಮಿನ ಮೊದಲ ಸಾಲಿನಲ್ಲಿ ಅವಳ ಹೆಸರು, ಎರಡನೆಯದರಲ್ಲಿ ಊರು ಬರೆದು, ಮೂರನೆಯ ಸಾಲಿಗೆ ಬಂದಾಗ ಗಂಡನ ಹೆಸರು ಕೇಳಿದರು. ಇಲ್ಲೇ ಎಡವಟ್ಟಾಯಿತು. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಬಾಳಮ್ಮನ ತಾಯಿ ಹೇಳಿದ್ದಳು, ತಾಯಿಗೆ ಅವಳ ತಾಯಿ ಹೇಳಿದ್ದಳು. ಬಾಳಮ್ಮ ತಲೆ ತಗ್ಗಿಸಿ, ರೇಷನ್ ಕಾರ್ಡನ್ನು ಮುಂದೆ ಚಾಚಿ, "ಇದರಾಗ ಅದ ನೋಡ್ರಿ" ಎಂದಳು.

ಕಾರ್ಡು ಕೂಡು ಕುಟುಂಬದ್ದು. ಮೊದಲ ಹೆಸರು ಯಜಮಾನನದು, ಮಾರುತಿ. ದೇವಿಂದ್ರಪ್ಪನ ಹೆಸರು ಕೆಳಗೆ ಮೂರನೆಯದು, ಅದರ ಮೇಲೆ ಎಂದೋ ಬಿದ್ದ ಎಣ್ಣೆಯ ಕಲೆ. ಸಾಬರು ಕನ್ನಡಕ ಏರಿಸಿ ಮೇಲಿನ ಹೆಸರು ನೋಡಿದರು, ಮುತ್ತಿನಂಥ ಅಕ್ಷರದಲ್ಲಿ ಮೂರನೆಯ ಸಾಲು ತುಂಬಿದರು. ಬಾಳಮ್ಮ ಹೆಬ್ಬೆಟ್ಟು ಒತ್ತಿ, ಪಂಚಾಯತಿಗೆ ಕೊಟ್ಟು, ರಸೀದಿ ಮತ್ತು ಒಂದು ಪ್ರತಿಯನ್ನು ಮಡಚಿ ಡಬ್ಬಿಯಲ್ಲಿಟ್ಟಳು. ಹೀಗೆ ಸರ್ಕಾರದ ಲೆಕ್ಕದಲ್ಲಿ ಅವಳು ತನ್ನ ಮಾವನಿಗೆ ಹೆಂಡತಿಯಾದಳು. ಈ ಸಂಗತಿ ಅವಳಿಗೂ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ.

ಪಟ್ಟಿ ಬಂದಾಗಲೆಲ್ಲ ಅವಳ ಹೆಸರಿನ ಮೇಲೆ ಗೆರೆ ಬೀಳುತ್ತಿತ್ತು. ಯಾಕೆಂದು ಕೇಳಿದರೆ, ನಿಮ್ಮ ಮನೆಗೆ ಒಮ್ಮೆ ಮನೆ ಆಗಿದೆ ಎನ್ನುತ್ತಿದ್ದರು. ಮಾವನಿಗೆ ಆಗಿದೆ, ನಮಗೆ ಆಗಿಲ್ಲ ಎಂದರೆ, ಕಾಗದ ಹಾಗೆ ಹೇಳುವುದಿಲ್ಲ ಎನ್ನುತ್ತಿದ್ದರು. ಕೂಡು ಕಾರ್ಡೇ ಅಡ್ಡಿ ಇರಬೇಕೆಂದು ಬಾಳಮ್ಮ ಲೆಕ್ಕ ಹಾಕಿದಳು. ಗೋಡೆ ಬಿದ್ದ ಮೇಲೆ ಹಟ ಹಿಡಿದು, ಗಂಡನನ್ನು ಬಸವಕಲ್ಯಾಣಕ್ಕೆ ನಾಲ್ಕು ಸಲ ಓಡಾಡಿಸಿ, ಬೇರೆ ಕಾರ್ಡು ಮಾಡಿಸಿದಳು. ಕಾರ್ಡು ಬಂದ ದಿನವೇ ಸೋನುಬಾಯಿ ಸೊಸೆಯ ಜೊತೆ ಮಾತು ಬಿಟ್ಟಳು. ಇದ್ದ ಒಬ್ಬನೇ ಮಗನನ್ನು ಕಾಗದದ ಮೇಲೆ ಒಡೆದುಕೊಂಡು ಹೋದಳು ಎಂಬುದು ಅವಳ ಸಿಟ್ಟು. ಹಿಟ್ಟು ಬೇಕಾದರೆ ಮೊಮ್ಮಗಳ ಮೂಲಕ ಕೇಳುವಳು, ಉಪ್ಪು ಬೇಕಾದರೆ ಗೋಡೆಗೆ ಹೇಳಿದಂತೆ ಹೇಳುವಳು. ಅಂಥ ಬಿಗುಮಾನದ ಹೆಂಗಸು ಆ ವಾಡಿಯಲ್ಲಿ ಇನ್ನೊಬ್ಬಳಿಲ್ಲ. ಗಂಡನ ಹೆಸರು ಮಾರುತಿ ಎಂಬ ಕಾರಣಕ್ಕೆ ಊರೆಲ್ಲ ಮಾರುತಿ ಗುಡಿ ಎನ್ನುವ ಗುಡಿಯನ್ನು ಅವಳೊಬ್ಬಳೇ ನಲವತ್ತು ವರ್ಷದಿಂದ ಹಣಮಪ್ಪನ ಗುಡಿ ಎನ್ನುತ್ತಿದ್ದಳು. ಶನಿವಾರ ಶನಿವಾರ ಅಲ್ಲಿಗೆ ಎಣ್ಣೆ ಒಯ್ಯುವುದು ಮಾತ್ರ ತಪ್ಪಿಸುತ್ತಿರಲಿಲ್ಲ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ, ಸಂಕ್ರಾಂತಿ ಮುಗಿದ ಮೇಲೆ, ಗ್ರಾಮಸಭೆಯ ಡಂಗುರ ಬಿತ್ತು. ಬರುವ ಶನಿವಾರ ಮಾರುತಿ ಗುಡಿಯ ಕಟ್ಟೆಯ ಮೇಲೆ ಮನೆಗಳ ಪಟ್ಟಿ ಓದುತ್ತಾರೆ, ಅದಾದ ಮೇಲೆ ಪಟ್ಟಿ ಮುಚ್ಚುತ್ತದೆ, ಮತ್ತೆ ತೆರೆಯುವುದು ಯಾವ ಕಾಲಕ್ಕೋ ಗೊತ್ತಿಲ್ಲ ಎಂದು ಸಾರಿದರು. ದೇವಿಂದ್ರಪ್ಪ ಆಗಲೇ ಕುರಿ ಹೊಡೆದುಕೊಂಡು ಹೋಗಿದ್ದ. ಮಾಂಜ್ರಾ ನದಿಯ ದಂಡೆಗುಂಟ ಇವತ್ತು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ಯುಗಾದಿಯ ಮುಂಚೆ ಬರುವವನಲ್ಲ, ಅವನನ್ನು ಹುಡುಕಿ ತರುವುದು ನಾಲ್ಕೈದು ದಿನದಲ್ಲಿ ಆಗುವ ಮಾತಲ್ಲ.

ಬಾಳಮ್ಮ ಇದ್ದಬದ್ದ ಕಾಗದಗಳನ್ನೆಲ್ಲ ಡಬ್ಬಿಯಿಂದ ತೆಗೆದು ಬಟ್ಟೆಯಲ್ಲಿ ಕಟ್ಟಿಕೊಂಡು ಹುಮನಾಬಾದಿಗೆ ಹೋದಳು. ಅಲ್ಲಿ ಬಸ್ ಸ್ಟ್ಯಾಂಡಿನ ಎದುರು ಅವಳ ತಮ್ಮ ಪ್ರೇಮಕುಮಾರ ಝೆರಾಕ್ಸ್ ಅಂಗಡಿ ಇಟ್ಟಿದ್ದ. ಎಲ್ಲದರ ಎರಡೆರಡು ಪ್ರತಿ ತೆಗೆದುಕೊಡು ಎಂದಳು. ಅವನು ಒಂದೊಂದೇ ಕಾಗದವನ್ನು ಗಾಜಿನ ಮೇಲೆ ಇಡುತ್ತ ಹೋದವನು ಅರ್ಜಿಯ ಪ್ರತಿ ಕೈಗೆ ಬಂದಾಗ ನಿಂತ. ಮೊದಲು ಅವನಿಗೆ ನಗು ಬಂತು. ಅಕ್ಕನ ಮುಖ ನೋಡಿ ನಗು ಅಲ್ಲೇ ನಿಂತಿತು.

"ಅಕ್ಕಾ, ಇದರಾಗ ನಿನ್ನ ಗಂಡನ ಹೆಸರು ಮಾರುತಿ ಅಂತ ಬರದದ."

ಬಾಳಮ್ಮನಿಗೆ ನಾಚಿಕೆ ಮೊದಲು ಬಂತು, ಸಿಟ್ಟು ಆಮೇಲೆ. ಎರಡೂವರೆ ವರ್ಷ ಈ ಕಾಗದವನ್ನು ದೇವರ ಪಟದ ಹಿಂದಿನ ಡಬ್ಬಿಯಲ್ಲಿ ಕಾಪಾಡಿದ್ದಳು. ಯಾರಿಗಾದರೂ ಒಮ್ಮೆ ಕೊಟ್ಟು ಓದಿಸಿ ಕೇಳಿದ್ದರೆ ಸಾಕಿತ್ತು. ಹೆಬ್ಬೆಟ್ಟು ಒತ್ತುವ ಮುಂಚೆ ಏನು ಬರೆದಿರಿ ಎಂದು ಒಂದು ಮಾತು ಕೇಳಿದ್ದರೆ ಇನ್ನೂ ಸಾಕಿತ್ತು. ಅವಳು ಅಂಗಡಿಯ ಸ್ಟೂಲಿನ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ತಮ್ಮ ಚಹಾ ತರಿಸಿದ, ಅದು ತಣ್ಣಗಾಯಿತು. ಹೆಸರು ಹೀಗೇ ಇರಲಿ, ಸುಮ್ಮನೆ ಇದ್ದುಬಿಟ್ಟರೆ ಹೇಗೆ ಎಂದೂ ಒಂದು ಕ್ಷಣ ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಸುಳ್ಳು ಹೆಸರಿನ ಮೇಲೆ ಮನೆ ಬಂದರೂ ನಾಳೆ ಅದನ್ನು ಯಾರಾದರೂ ಕಿತ್ತುಕೊಳ್ಳಬಹುದು, ಈಗಲೇ ತಿದ್ದಿಸಬೇಕು ಎಂದ.

ಮರುದಿನ ಅಜೀಮುದ್ದೀನ್ ಸಾಬರ ಮೇಜಿನ ಮುಂದೆ ನಿಂತಾಗ ಅವಳು ಜಗಳಕ್ಕೆ ಸಿದ್ಧವಾಗಿಯೇ ಹೋಗಿದ್ದಳು. ಸಾಬರು ಕಾಗದ ನೋಡಿ ಎರಡೂ ಕೈಯಿಂದ ಕಿವಿ ಮುಟ್ಟಿಕೊಂಡರು. ಜಗಳ ಆಡುವ ಅವಕಾಶವೇ ಸಿಗಲಿಲ್ಲ. ಹೊಸ ಕಾರ್ಡಿನ ಪ್ರತಿ ಜೋಡಿಸಿ, ಗಂಡನ ಹೆಸರು ತಪ್ಪಾಗಿದೆ, ತಿದ್ದಿಕೊಡಬೇಕು ಎಂದು ಅರ್ಜಿ ಬರೆದರು, ಒಂದು ಪೈಸೆ ಮುಟ್ಟಲಿಲ್ಲ. ಬರೆದದ್ದನ್ನು ಅವಳಿಗೆ ಎರಡು ಸಲ ಓದಿ ಹೇಳಿದರು. ಆಮೇಲೆ ಪೆನ್ನಿನ ಟೊಪ್ಪಿಗೆ ಹಾಕಿ ಹೇಳಿದರು.

"ಕಾಗಜ್ ನಾ ಬರದೀನಿ ತಂಗಿ. ಖರೆ, ಸಭಾದಾಗ ಸಾಹೇಬರು ನಿನಗೇ ಕೇಳ್ತಾರ. ಅಲ್ಲಿ ಕಾರ್ಡ್ ತೋರಿಸಬ್ಯಾಡ. ಬಾಯಿಲೆ ಹೇಳು."

ವಾಪಸು ಬರುವ ಬಸ್ಸಿನಲ್ಲಿ ಬಾಳಮ್ಮ ಕಿಟಕಿಯ ಬದಿಗೆ ಕೂತಿದ್ದಳು. ಯಾರಿಗೂ ಕೇಳದಂತೆ ಒಮ್ಮೆ ಹೇಳಿ ನೋಡೋಣ ಎಂದುಕೊಂಡಳು. ತುಟಿ ಅಲ್ಲಾಡಿತು, 'ದೇ' ಎಂಬಲ್ಲಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮದುವೆಯ ಸಮಯದಲ್ಲಿ ಒಡಪಿನ ಪದ್ಯದ ಸಾಲಿನೊಳಗೆ ಸೇರಿಸಿ ಒಮ್ಮೆ ಆ ಹೆಸರು ಹೇಳಿದ್ದಳು, ಹೆಂಗಸರು ನಕ್ಕಿದ್ದರು, ಅದು ಆಟ. ಈಗ ಬರೀ ಹೆಸರು, ಹಿಂದೆ ಮುಂದೆ ಏನೂ ಇಲ್ಲ. ನದಿಯ ದಂಡೆಯ ಮೇಲೆ ಒಬ್ಬನೇ ಮಲಗುವ ಮನುಷ್ಯ. ತೋಳ ಬರುತ್ತದೆ, ಹಾವು ಬರುತ್ತದೆ. ಈ ಬಾಯಿಂದ ಹೆಸರು ಜಾರಿ ಅಲ್ಲಿ ಅವನಿಗೆ ಏನಾದರೂ ಆದರೆ ಆ ಮನೆಯನ್ನು ತೆಗೆದುಕೊಂಡು ಏನು ಮಾಡುವುದು? ಮುಡಬಿಯಲ್ಲಿ ಇಳಿಯುವವರೆಗೂ ಅವಳಿಗೆ ಇದೇ ಯೋಚನೆ. ಅಲ್ಲಿಂದ ವಾಡಿಗೆ ಷೇರ್ ಆಟೋದಲ್ಲಿ ಒಂಬತ್ತು ಜನರ ನಡುವೆ ಒತ್ತಿಕೊಂಡು ಹೋಗುವಾಗಲೂ ಅದೇ ಚಿಂತೆ.

ಶನಿವಾರ ಬೆಳಗ್ಗೆ ಸೋನುಬಾಯಿ ಅಂಗಳ ಗುಡಿಸುತ್ತಿದ್ದಾಗ ಬಾಳಮ್ಮ ಹೋಗಿ ನಿಂತಳು. ಅರ್ಜಿಯಲ್ಲಿ ಆದ ತಪ್ಪನ್ನು ಬಿಡಿಸಿ ಹೇಳಿದಳು. ಮಾವನ ಹೆಸರನ್ನೂ ಸೊಸೆ ಹೇಳುವಂತಿಲ್ಲ, ಹಾಗಾಗಿ "ಹಿರಿಯರ ಹೆಸರು ಬಿದ್ದದ" ಎಂದಳು. ಮಾವನಿಗೆ ಕಿವಿ ಮಂದ, ಅವರಿಗೆ ಎದುರು ನಿಂತು ಹೇಳುವ ಪದ್ಧತಿಯೂ ಇಲ್ಲ. ನೀವೇ ಸಭೆಯಲ್ಲಿ ನಾಲ್ಕು ಮಾತು ಹೇಳಬೇಕು ಎಂದು ಬೇಡಿಕೊಂಡಳು. ಸೋನುಬಾಯಿ ಗುಡಿಸುವುದನ್ನು ನಿಲ್ಲಿಸಲಿಲ್ಲ. ಕಸ ಒಟ್ಟು ಮಾಡಿ, ಕೈ ತೊಳೆದು, ಎಣ್ಣೆಯ ಬಟ್ಟಲು ಹಿಡಿದು ಗುಡಿಯ ಕಡೆ ಹೊರಟಳು.

ಹನ್ನೊಂದಕ್ಕೆ ಸಭೆ ಕೂಡಿತು. ತಾಲೂಕಿನಿಂದ ಬಂದ ಸಾಹೇಬರು ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತಿದ್ದರು, ಕೈಯಲ್ಲಿ ಪಟ್ಟಿ, ಪಟ್ಟಿಯ ಮೇಲೆ ಕೆಂಪು ಪೆನ್ನು. ಗಂಡಸರು ಮುಂದೆ, ಹೆಂಗಸರು ಗುಡಿಯ ಗೋಡೆಯ ನೆರಳಿಗೆ. ಮಾರುತಿ ದೂರದಲ್ಲಿ ಬೇವಿನ ಬುಡಕ್ಕೆ ಒರಗಿ ಕಂಬಳಿ ಹೊದ್ದು ಕೂತಿದ್ದ. ಅವನಿಗೆ ಏನೂ ಕೇಳಿಸುತ್ತಿರಲಿಲ್ಲ, ಆದರೂ ಊರು ಕೂಡಿದಲ್ಲಿ ತಾನೂ ಇರಬೇಕೆಂದು ಬಂದಿದ್ದ. ಒಟ್ಟು ಮನೆ ಹನ್ನೆರಡು, ಪಟ್ಟಿಯಲ್ಲಿ ಹೆಸರು ಮೂವತ್ತಕ್ಕೂ ಮಿಗಿಲು. ಮೇಲಿನ ಒಂದು ಹೆಸರು ಬಿದ್ದರೆ ಕೆಳಗಿನ ಒಂದು ಮೇಲೇರುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅವತ್ತು ಯಾರಿಗೂ ಯಾರ ಪರವಾಗಿ ಮಾತಾಡುವ ಉಮೇದು ಇರಲಿಲ್ಲ.

"ಹನ್ನೊಂದು. ಬಾಳಮ್ಮ, ಗಂಡ ಮಾರುತಿ" ಎಂದು ಸಾಹೇಬರು ಓದಿದರು.

ಗಂಡಸರ ಕಡೆ ಯಾರೋ ಖೊಳ್ಳೆಂದು ನಕ್ಕರು, ನಗು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡಿತು. ಬಾಳಮ್ಮ ಎದ್ದು ನಿಂತಳು. ಸಾಹೇಬರು ಅವಳು ಕೊಟ್ಟ ತಿದ್ದುಪಡಿಯ ಅರ್ಜಿಯನ್ನು ತಿರುವಿ ನೋಡಿ, ಇದರಲ್ಲಿ ಒಂದು, ಅದರಲ್ಲಿ ಒಂದು, ಎರಡರಲ್ಲಿ ಯಾವುದು ನಿಜ ಎಂದು ಕೇಳಿದರು. ಅವಳು ಅರ್ಜಿಯ ಕಡೆ ಬೆರಳು ತೋರಿಸಿದಳು. ಬೆರಳು ಬೇಡ, ಬಾಯಿಂದ ಹೇಳು ಎಂದರು ಅವರು. ಪಕ್ಕದಲ್ಲಿದ್ದ ಒಬ್ಬ ಹೇಳಲು ಹೋದರೆ ಅವನನ್ನು ಗದರಿಸಿ ಸುಮ್ಮನಾಗಿಸಿದರು.

ಸಾಹೇಬರು ತಪ್ಪು ಮಾಡಿದರು ಎನ್ನುವಂತಿಲ್ಲ. ಒಬ್ಬರ ಹೆಸರಿನ ಮನೆಯಲ್ಲಿ ಇನ್ನೊಬ್ಬರು ಹೊಕ್ಕಿದ್ದನ್ನು ಅವರು ಹತ್ತೂರಲ್ಲಿ ನೋಡಿದ್ದರು. ಆದರೆ ಅಲ್ಲಿ ನಿಂತ ಹೆಣ್ಣಿಗೆ ಆ ಒಂದು ಮಾತು ಎಷ್ಟು ಭಾರ ಎಂಬುದು ಅವರಿಗೆ ಗೊತ್ತಿರಲಿಲ್ಲ. ಬಾಳಮ್ಮನ ಕಣ್ಣ ಮುಂದೆ ನದಿಯ ದಂಡೆ ಬಂತು, ಕಂಬಳಿಯಲ್ಲಿ ಮುದುಡಿ ಮಲಗಿದ ಗಂಡ ಕಂಡ. ಅದರ ಹಿಂದೆಯೇ ಬಿದ್ದ ಗೋಡೆ, ಮಣ್ಣಿನಡಿ ಮುಚ್ಚಿಹೋದ ಸಣ್ಣ ಕೌದಿ. ಸಾಹೇಬರು ಒಂದು ಸಲ ಗಡಿಯಾರ ನೋಡಿ ಕೆಂಪು ಪೆನ್ನು ಎತ್ತಿದರು. ಅದು ಹನ್ನೊಂದನೆಯ ಸಾಲಿನ ಮೇಲೆ ಬಂದು ನಿಂತಿತು.

"ದೇವಿಂದ್ರಪ್ಪ" ಎಂದಳು ಬಾಳಮ್ಮ. ದನಿ ಅರ್ಧಕ್ಕೇ ನಿಂತಿತು. ಮತ್ತೆ ಹೇಳಿದಳು, ಈ ಸಲ ಗುಡಿಯ ಒಳಗೂ ಕೇಳುವಂತೆ. "ನನ್ನ ಗಂಡನ ಹೆಸರು ದೇವಿಂದ್ರಪ್ಪ ಅದರಿ."

ಹೆಂಗಸರ ಗುಂಪಿನಲ್ಲಿ ಉಸಿರು ಒಳಕ್ಕೆ ಹೋದ ಸದ್ದಾಯಿತು. ಬಾಳಮ್ಮ ಕಣ್ಣು ಮುಚ್ಚಿದ್ದಳು. ಆದರೆ ಕೆಂಪು ಪೆನ್ನು ಕೆಳಗಿಳಿಯಲಿಲ್ಲ. ಹೆಸರನ್ನು ಯಾರು ಬೇಕಾದರೂ ಹೇಳಬಹುದು ಎಂದರು ಸಾಹೇಬರು. ಅರ್ಜಿಯಲ್ಲಿ ಮಾರುತಿಯ ಹೆಂಡತಿ ಎಂದಿದೆ, ಮಾರುತಿಗೆ ಆಗಲೇ ಮನೆ ಕೊಟ್ಟಾಗಿದೆ. ಇವಳು ಅಲ್ಲವಾದರೆ ಮಾರುತಿಯ ಹೆಂಡತಿ ಯಾರು, ಸಭೆಯ ಮುಂದೆ ಬಂದು ಹೇಳಲಿ, ನಾನು ಬರೆದುಕೊಳ್ಳುತ್ತೇನೆ ಎಂದು ಜನರ ಕಡೆ ನೋಡಿದರು.

ಹನ್ನೆರಡನೆಯವರು ಕೆಳಗೆ ನೋಡಿದರು, ಹದಿಮೂರನೆಯವರು ಮೇಲೆ ನೋಡಿದರು. ಬಾಳಮ್ಮ ಅತ್ತೆಯ ಕಡೆ ತಿರುಗಲಿಲ್ಲ. ತಿರುಗಿ ನೋಡಿ, ಆ ಮುಖದಲ್ಲಿ ಏನೂ ಇಲ್ಲದಿದ್ದರೆ ತಡೆದುಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಮಾತು ಬಿಟ್ಟು ಐದು ತಿಂಗಳಾಗಿತ್ತು. ನಲವತ್ತು ವರ್ಷ ಗುಡಿಯ ಹೆಸರನ್ನೂ ಬದಲಿಸಿ ಕರೆದ ಬಾಯಿ ಅದು.

ಗುಡಿಯ ಮೆಟ್ಟಿಲ ಬಳಿ ಎಣ್ಣೆಯ ಬಟ್ಟಲು ಕಲ್ಲಿನ ಮೇಲೆ ಇಟ್ಟ ಸದ್ದು ಕೇಳಿತು.

"ನಾ ಇದ್ದೀನ್ರಿ" ಎಂದಳು ಸೋನುಬಾಯಿ. ಎದ್ದು ನಿಂತು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಮಾರುತಿ ನನ್ನ ಗಂಡ. ದೇವಿಂದ್ರ ನನ್ನ ಮಗ. ಇಕಿ ನನ್ನ ಸೊಸಿ."

ಆಗ ಬೇವಿನ ಬುಡದಲ್ಲಿ ಕಂಬಳಿ ಅಲ್ಲಾಡಿತು. ಅಷ್ಟು ಹೊತ್ತು ಒಂದು ಮಾತೂ ಕೇಳಿಸದೆ ಕೂತಿದ್ದ ಮಾರುತಿ ತಲೆ ಎತ್ತಿ, ಕೈಯನ್ನು ಕಿವಿಗೆ ಆನಿಸಿ, ಹೆಂಡತಿಯ ಕಡೆ ತಿರುಗಿ "ಓ" ಎಂದ. ಯಾರೋ ಕರೆದರೆ ಓಗೊಡುವ ಹಾಗೆ, ಅಷ್ಟೆ. ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಸಾಹೇಬರು ಕೆಂಪು ಪೆನ್ನು ಜೇಬಿಗೆ ಹಾಕಿ, ನೀಲಿ ಪೆನ್ನು ತೆಗೆದು ಹಳೆಯ ಅರ್ಜಿಯ ಮೂರನೆಯ ಸಾಲಿನ ಹೆಸರು ತಿದ್ದಿದರು. ತಿದ್ದಿದ್ದನ್ನು ಗಟ್ಟಿಯಾಗಿ ಓದಿ, ಅತ್ತೆ ಸೊಸೆ ಇಬ್ಬರದೂ ಹೆಬ್ಬೆಟ್ಟು ಒತ್ತಿಸಿಕೊಂಡರು.

ಮನೆಗೆ ಹೋಗುವಾಗ ಇಬ್ಬರೂ ಒಂದೇ ದಾರಿಯಲ್ಲಿ ನಡೆದರು. ಸೋನುಬಾಯಿ ಮುಂದೆ, ಬಾಳಮ್ಮ ಹಿಂದೆ. ಅಂಗಳ ಬಂದಾಗ ಸೋನುಬಾಯಿ ತಿರುಗಿ ನಿಂತು ಸೊಸೆಯ ಮುಖ ನೋಡಿ ಮಾತಾಡಿದಳು. "ಒಲಿ ಬ್ಯಾರೆ ಹಚ್ಕೋ, ನಾ ಒಲ್ಲೆ ಅನ್ನಂಗಿಲ್ಲ. ಮನಿ ಮಾತ್ರ ನನ್ನ ಗೋಡೀಗೆ ಹಚ್ಚಿ ಕಟ್ಟು." ಬಾಳಮ್ಮನಿಗೆ ಅಳು ಬಂತು. ಸಭೆಯಲ್ಲಿ ಬಾರದಿದ್ದ ಅಳು ಅಂಗಳದಲ್ಲಿ ಬಂತು.

ಯುಗಾದಿಯವರೆಗೆ ಅವಳು ಒಂದು ದಿನವೂ ನೆಮ್ಮದಿಯಿಂದ ಮಲಗಲಿಲ್ಲ. ದೂರದಲ್ಲಿ ನಾಯಿ ಬೊಗಳಿದರೆ ಎದ್ದು ಕೂರುತ್ತಿದ್ದಳು. ಹಬ್ಬಕ್ಕೆ ಎರಡು ದಿನ ಇರುವಾಗ ಕುರಿಗಳ ಧೂಳು ಕಂಡಿತು. ಧೂಳಿನ ಹಿಂದೆ ದೇವಿಂದ್ರಪ್ಪ, ಹೋದಾಗ ಇದ್ದದ್ದಕ್ಕಿಂತ ಒಂದಿಷ್ಟು ಮೈ ತುಂಬಿಕೊಂಡೇ ಬಂದಿದ್ದ. ಮಳೆಗೆ ಮುಂಚೆ ಮನೆಗೆ ತಗಡು ಬಿತ್ತು. ಬಾಗಿಲ ಮೇಲೆ ಪೇಂಟಿನಲ್ಲಿ ಬರೆಸಿದ ಹೆಸರನ್ನು ಬಾಳಮ್ಮ ಮಗಳಿಂದ ಮೂರು ಸಲ ಓದಿಸಿ ಕೇಳಿದಳು, ಆಮೇಲೆ ಪೇಂಟರನನ್ನು ಹೋಗಲು ಬಿಟ್ಟಳು.

ಈಗ ಅವಳ ಮುಂದೆ ಕೂತು ಗಂಡನ ಹೆಸರು ಹೇಳಲು ಹೆದರುವ ಹೆಂಗಸರಿಗೆ ಅವಳು ಹೆಚ್ಚು ಮಾತು ಹೇಳುವುದಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುವ ದೇವಿಂದ್ರಪ್ಪನ ಕಡೆ ಕೈ ತೋರಿಸುತ್ತಾಳೆ. ಬಹಳ ಮಂದಿಗೆ ಅಷ್ಟೇ ಸಾಕಾಗುತ್ತದೆ.

ಮಾರುತಿ ಎರಡು ವರ್ಷದ ಹಿಂದೆ, ವಯಸ್ಸಾಗಿ, ತನ್ನ ಖೋಲಿಯಲ್ಲೇ ತೀರಿಕೊಂಡ. ಸೋನುಬಾಯಿ ಈಗಲೂ ಶನಿವಾರ ತಪ್ಪಿಸುವುದಿಲ್ಲ. ಎಣ್ಣೆಯ ಬಟ್ಟಲು ಹಿಡಿದು, ಇಬ್ಬರ ಮನೆಗೂ ನಡುವೆ ಇರುವ ಒಂದೇ ಗೋಡೆಗೆ ಕೈ ಆನಿಸಿ ನಿಲ್ಲುತ್ತಾಳೆ. "ಬಾಳಮ್ಮ, ಮಾರುತಿ ಗುಡಿಗಿ ಹೋಗಿ ಬರ್ತೀನಿ" ಎನ್ನುತ್ತಾಳೆ. ಒಳಗಿನಿಂದ ಬಾಳಮ್ಮ ಹೂಂ, ಹೋಗಿ ಬರ್ರಿ ಎನ್ನುತ್ತಾಳೆ.